ಕೆಟಲಿನ ತಳದ ಮಸಿ

ಶನಿವಾರ ನನ್ನ ಗಂಡ ಎಪ್ಪೊನ ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಟಾಮ್ಮೊ, ಸೋಮವಾರ ಬೆಳಿಗ್ಗೆ ಇನ್ನೊಂದು ಪೆಟ್ಟಿಗೆ ತಂದ.

ರಟ್ಟಿನ ಪೆಟ್ಟಿಗೆ. ಸೈಕಲ್ಲಿನ ಹಿಂದೆ ಮಗಳನ್ನು ಕೂರಿಸುವ ಪುಟ್ಟ ಸೀಟಿನಲ್ಲಿ ಅದನ್ನಿಟ್ಟು, ಬೆಲ್ಟ್ ಬಿಗಿದು, ಎದುರುಗಾಳಿಯಲ್ಲಿ ತುಳಿದುಕೊಂಡು ಬಂದಿದ್ದ. ಸೀಟಿಗೆ ಅವನ ಹೆಂಡತಿ ಹೊಲಿದ ಹಳದಿ ಹೂಗಳ ಹೊದಿಕೆ. ನಮ್ಮ ಆಲ್ಡರ್‌ವೋಲ್ಡಕ್ಕೆ ಅವನೊಬ್ಬನೇ ಪೊಲೀಸ್. ಕಾರು ಕೊಟ್ಟಿದ್ದಾರೆ, ಆದರೂ ಊರಿಗೆಲ್ಲ ಅವನು ಗೊತ್ತಿರುವುದು ಆ ಹಳದಿ ಸೀಟಿನಿಂದ.

ನಮ್ಮ ಗೋಡೆಗೆ ಆನಿಸಿ ನಿಲ್ಲಿಸಿದ ಮರದ ತೊಲೆಗೆ ಸೈಕಲ್ ಒರಗಿಸಿದ. ಊರಿನ ಅರ್ಧ ಮನೆಗಳಿಗೆ ಅಂಥ ತೊಲೆಗಳಿವೆ. ಗ್ಯಾಸ್ ತೆಗೆದು ತೆಗೆದು ನೆಲ ನಡುಗುತ್ತಿದ್ದ ವರ್ಷಗಳಲ್ಲಿ ಬಂದವು. ದೊಡ್ಡ ಅನಿಲ ನಿಕ್ಷೇಪವನ್ನು ಸರ್ಕಾರ ಮುಚ್ಚಿಸಿದ ಮೇಲೂ ಹೋಗಲಿಲ್ಲ.

“ಕಾಫಿ?”

“ಬೇಡ ಆಲ್ಕೆ. ಶನಿವಾರದಿಂದ ಊರೆಲ್ಲ ಕಾಫಿ ಕುಡಿಸಿ ಕುಡಿಸಿ ನನ್ನ ಸಾಯಿಸ್ತಿದೆ.” ಅಂದವನು ನಾಲಿಗೆ ಕಚ್ಚಿಕೊಂಡ. “ಕ್ಷಮಿಸು.”

“ಇರಲಿ ಬಿಡು. ಆ ಮಾತನ್ನ ಇನ್ನು ಯಾರೂ ಆಡಬಾರದು ಅನ್ನೋಕಾಗುತ್ತಾ?”

ಅವತ್ತು ಕಸದ ಗಾಡಿ ಬರುವ ದಿನ. ತೊಟ್ಟಿಯನ್ನು ರಸ್ತೆಗೆ ಉರುಳಿಸಿಕೊಂಡು ಹೋಗುವುದು ಎಪ್ಪೊನ ಕೆಲಸವಾಗಿತ್ತು. ನಾನೇ ಉರುಳಿಸಿದ್ದೆ. ಗಾಡಿ ಬಂದು ಎಲ್ಲ ಮನೆಗಳಂತೆ ನಮ್ಮದನ್ನೂ ಖಾಲಿ ಮಾಡಿ ಹೋಗಿತ್ತು. ಅಳು ಬಂದಿರಲಿಲ್ಲ. ಬರುವಾಗ ಬರಲಿ ಎಂದು ಬಿಟ್ಟಿದ್ದೆ.

ಪೆಟ್ಟಿಗೆಯಲ್ಲಿ ಎಪ್ಪೊನ ಬೂಟು, ಕೈಗವಸು, ಬ್ರೆಡ್ಡಿನ ಡಬ್ಬಿ ಇದ್ದವು. ಅಡಿಯಲ್ಲಿ, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಕೆಟಲ್.

“ಇಷ್ಟೇನಾ?”

“ಮಫ್ಲರ್ ಠಾಣೇಲಿದೆ. ಅದು ಸಾಕ್ಷಿ.”

ಮಫ್ಲರ್ ನಾನು ಹೆಣೆದದ್ದು. ಕಳೆದ ವಾರ, ತಾನು ಅಳತೆಯ ಕೆಲಸ ಮಾಡುತ್ತಿದ್ದ ಅನಿಲ ಬಾವಿಯ ಪಕ್ಕದ ಶೆಡ್ಡಿನಲ್ಲಿ ಎಪ್ಪೊ ಸತ್ತು ಬಿದ್ದಿದ್ದಾಗ, ಅಲ್ಲಿನ ಗಾಳಿಕಿಂಡಿಗೆ ಅದನ್ನು ತುರುಕಲಾಗಿತ್ತು. ಹೀಟರಿನ ಹೊಗೆಕೊಳವೆಯಲ್ಲಿ ಕಾಗೆಗೂಡು. ಹೊರಗೆ ಹೋಗಲಾರದ ಕಾರ್ಬನ್ ಮೊನಾಕ್ಸೈಡ್ ಒಳಗೇ ತುಂಬಿಕೊಂಡಿತು. ಚಳಿಗೆ ತಾನೇ ಕಿಂಡಿ ಮುಚ್ಚಿಕೊಂಡ, ತನ್ನ ಅಜಾಗರೂಕತೆಯಿಂದಲೇ ಸತ್ತ. ವರದಿ ಹೇಳಿದ್ದು ಅಷ್ಟು.

ಎಪ್ಪೊ ಹೋಟೆಲಿಗೆ ಹೋದರೂ ಮೊದಲು ಗಾಳಿಕಿಂಡಿ ಎಲ್ಲಿದೆ ಎಂದು ನೋಡುತ್ತಿದ್ದ. ನಮ್ಮ ಮದುವೆಯ ರಾತ್ರಿಯೂ ಕುರ್ಚಿ ಹತ್ತಿ ಅದನ್ನು ಪರೀಕ್ಷಿಸಿದ್ದ. ಇದನ್ನು ಟಾಮ್ಮೊಗೆ ಹೇಳಿದ್ದೆ. ಪಾಪದ ಮುಖ ಮಾಡಿ ಕೇಳಿಸಿಕೊಂಡಿದ್ದ.

“ಬಾವಿಯ ಕೀಲಿ?” ಎಂದು ಕೇಳಿದೆ.

“ಠಾಣೆಯ ಬೀರುವಿನಲ್ಲಿದೆ. ಬೀರುವಿನ ಕೀಲಿ ಇಲ್ಲಿದೆ.” ಸೊಂಟ ತಟ್ಟಿಕೊಂಡ. “ನಿಯಂತ್ರಣ ಇಲಾಖೆಯವರು ಬಂದು ಕೇಳೋವರೆಗೂ ಅದು ಅಲುಗಲ್ಲ. ನೀನು ಅದರ ಚಿಂತೆ ಬಿಡು. ಮಲಗು. ಊಟ ಮಾಡು.”

“ಯಾವುದು ಮೊದಲು?”

ಅವನು ನಕ್ಕ. ನಾನೂ ನಕ್ಕೆನೇನೋ. ಹೋಗುವಾಗ ಗಾಳಿ ಅವನ ಬೆನ್ನಿಗಿತ್ತು. ತುಳಿಯುವ ಅಗತ್ಯವೇ ಇರಲಿಲ್ಲ.

*

ಕೆಟಲ್ ನಮ್ಮದಲ್ಲ. ಬಾವಿಯ ದಾರಿಯಲ್ಲಿ ಊರಿನ ಕೊನೆಯ ಮನೆ ಫೆನ್ನಾ ಚಿಕ್ಕಮ್ಮನದು. ಅವಳ ಬಿಳಿ ಎನಾಮಲ್ ಕೆಟಲ್, ಅಂಚಿಗೆ ನೀಲಿ ಗೆರೆ. ಶೆಡ್ಡಿನಲ್ಲಿ ಕರೆಂಟಿನ ಕೆಟಲ್ ಹಾಕಿದರೆ ನೆಲದ ಅಲುಗಾಟ ಅಳೆಯುವ ಯಂತ್ರಗಳು ತತ್ತರಿಸುತ್ತವೆ ಎಂದು ಚಳಿಗಾಲದ ಆರಂಭದಲ್ಲಿ ಎಪ್ಪೊ ಎರವಲು ತಂದಿದ್ದ.

ನಮ್ಮಲ್ಲಿ ಒಂದು ರೂಢಿ ಇದೆ. ಸತ್ತವರು ಎರವಲು ತಂದದ್ದನ್ನು ಮನೆಯವರೇ ಹೊತ್ತುಕೊಂಡು ಹೋಗಿ ಕೊಡಬೇಕು. ಇನ್ನೊಬ್ಬರ ಕೈಯಲ್ಲಿ ಕಳಿಸುವಂತಿಲ್ಲ. ತಿಕ್ಕಿ ಬೆಳಗಿರಬೇಕು, ಒಳಗೆ ಖಾಲಿ ಇರಬಾರದು. ಬಾಗಿಲಲ್ಲೇ ಕೊಟ್ಟು ತಿರುಗುವಂತಿಲ್ಲ. ಕೂತು ಕಾಫಿ ಕುಡಿದೇ ಬರಬೇಕು.

ಪತ್ರಿಕೆ ಬಿಚ್ಚಿ, ತಿಕ್ಕುವ ನಾರು ತೆಗೆದುಕೊಂಡು ಕೆಟಲನ್ನು ಬೋರಲು ಹಾಕಿದೆ.

ತಳ ಕಪ್ಪಗಿತ್ತು.

ಹೆಚ್ಚು ಯೋಚಿಸದೆ ತಿಕ್ಕತೊಡಗಿದೆ. ಕೈಗೆ ಕೆಲಸ ಸಿಕ್ಕಿದರೆ ಸಾಕು ಎನ್ನುವ ಸ್ಥಿತಿ ನನ್ನದು. ತಳದ ಅರ್ಧ ಬೆಳ್ಳಗಾಯಿತು. ಸಿಂಕಿನ ತುಂಬ ಕರಿ ನೀರು.

ಆಗ ಕೈ ನಿಂತಿತು.

ಶಾಲೆಯಲ್ಲಿ ನಾನು ಕಲಿಸುವುದು ರಸಾಯನಶಾಸ್ತ್ರ. ಪ್ರತಿ ವರ್ಷ ಮಕ್ಕಳಿಗೆ ಇದನ್ನೇ ಹೇಳುತ್ತೇನೆ: ನೀಲಿ ಜ್ವಾಲೆ ಮಸಿ ಹಿಡಿಸುವುದಿಲ್ಲ. ನಮ್ಮ ಮನೆಯ ಪಾತ್ರೆಗಳ ತಳವನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಯಾವುದಕ್ಕೂ ಮಸಿ ಇರಲಿಲ್ಲ. ಈ ಊರಿನಲ್ಲಿ ಯಾರ ಮನೆಯಲ್ಲೂ ಇರುವುದಿಲ್ಲ.

ಶೆಡ್ಡಿಗೆ ಹೋಗುವುದೂ ನಮ್ಮ ಅಡುಗೆಮನೆಗಳಿಗೆ ಬರುವ ಗ್ಯಾಸೇ, ಅದೇ ಕೊಳವೆಯ ಬಾಲದಲ್ಲಿ. ಮತ್ತೆ ಈ ಮಸಿ ಎಲ್ಲಿಂದ ಬಂತು?

ಗಾಳಿ ಸಾಲದಿದ್ದರೆ ಮಸಿ ಬರುತ್ತದೆ. ಮೊದಲು ಹೊಳೆದದ್ದು ಅದೇ. ಕಿಂಡಿ ಮುಚ್ಚಿತ್ತಲ್ಲ. ಆದರೆ ಎಪ್ಪೊ ಶೆಡ್ಡಿನ ಒಳಗೆ ನೀರು ಕಾಯಿಸುತ್ತಿರಲಿಲ್ಲ. ಹಬೆಯಿಂದ ಯಂತ್ರಗಳ ಗಾಜು ಮಂಜಾಗುತ್ತದೆಂದು ಒಂಟಿ ಒಲೆಯನ್ನು ಹೊರಗೆ, ಶೆಡ್ಡಿನ ಹಿಂದಿನ ಬೆಂಚಿನ ಮೇಲೆ ಇಟ್ಟಿದ್ದ. ಭಾನುವಾರಗಳಂದು ಅಲ್ಲಿಗೆ ಹೋಗಿ ನಾನೇ ಚಹಾ ಕುಡಿದಿದ್ದೇನೆ. ಉತ್ತರ ಸಮುದ್ರದ ಗಾಳಿಯೆಲ್ಲ ಆ ಬೆಂಚಿನ ಮೇಲೆಯೇ ಬೀಸುತ್ತದೆ. ಅಲ್ಲಿ ಗಾಳಿಗೆ ಬರವಿಲ್ಲ.

ಹಾಗಿದ್ದರೆ ಕೊರತೆ ಗಾಳಿಯದಲ್ಲ. ಗ್ಯಾಸೇ ಬೇರೆ.

ನಮ್ಮ ದೊಡ್ಡ ನಿಕ್ಷೇಪದ ಗ್ಯಾಸ್ ತೆಳು. ಉರಿಯದ ಸಾರಜನಕ ಅದರಲ್ಲಿ ಹುಟ್ಟಿನಿಂದಲೇ ಬೆರೆತಿತ್ತು. ಅದಕ್ಕೆ ಹೊಂದುವಂತೆಯೇ ಈ ದೇಶದ ಒಲೆಗಳು, ಹೀಟರುಗಳು ತಯಾರಾದವು. ನಿಕ್ಷೇಪ ಮುಚ್ಚಿದ ಮೇಲೂ, ಹೊರಗಿನಿಂದ ತರಿಸಿದ ಗಟ್ಟಿ ಗ್ಯಾಸಿಗೆ ಸಾರಜನಕ ಬೆರೆಸಿ, ಹಾಲಿಗೆ ನೀರು ಹಾಕುವ ಹಾಗೆ ತೆಳು ಮಾಡಿಯೇ ಮನೆಗಳಿಗೆ ಬಿಡುತ್ತಾರೆ. ಸಣ್ಣ ಬಾವಿಗಳ ಗ್ಯಾಸ್ ಗಟ್ಟಿಯಾದದ್ದು. ಅದನ್ನು ಹಾಗೇ ನಮ್ಮ ಒಲೆಗೆ ಬಿಟ್ಟರೆ ಪೂರ್ತಿ ಉರಿಯುವುದಿಲ್ಲ. ಜ್ವಾಲೆ ಹಳದಿಯಾಗುತ್ತದೆ, ಪಾತ್ರೆಗೆ ಮಸಿ ಕಟ್ಟುತ್ತದೆ, ಕಾರ್ಬನ್ ಮೊನಾಕ್ಸೈಡ್ ಬರುತ್ತದೆ.

ಊರಿನ ಸುತ್ತ ಸಣ್ಣ ಬಾವಿ ಇರುವುದು ಒಂದೇ. ಎಪ್ಪೊ ಕಾಯುತ್ತಿದ್ದ ಬಾವಿ. ಅದಕ್ಕೆ ಇನ್ನೂ ಪರವಾನಗಿ ಸಿಕ್ಕಿಲ್ಲ. ಕೊರೆದು, ವಾಲ್ವ್ ಮುಚ್ಚಿ, ಬೀಗ ಹಾಕಿ ನಿಲ್ಲಿಸಿದ್ದಾರೆ. ಈ ಗುರುವಾರ ಸಮುದಾಯ ಭವನದಲ್ಲಿ ಅದರ ಬಗ್ಗೆ ಅಹವಾಲು ಸಭೆ.

ಗಾಳಿಯಲ್ಲಿ, ಹಗಲು ಬೆಳಕಿನಲ್ಲಿ ಹೊರಗಿನ ಒಲೆಯ ಜ್ವಾಲೆಯ ಬಣ್ಣ ತಿಳಿಯುವುದಿಲ್ಲ. ಒಳಗಿನ ಹೀಟರಿಗೆ ತಗಡಿನ ಮುಚ್ಚಳ. ಗಾಳಿಕಿಂಡಿ, ಹೊಗೆಕೊಳವೆ ತೆರೆದಿದ್ದಷ್ಟು ದಿನ ಎಪ್ಪೊ ಉಳಿದ. ಮುಚ್ಚಿದ ದಿನ ಸತ್ತ.

ಅಂದರೆ ಬಾವಿ ತೆರೆದಿತ್ತು. ಮಸಿಯ ದಪ್ಪ ನೋಡಿದರೆ, ಒಂದು ದಿನವಲ್ಲ.

ನಾರನ್ನು ಕೆಳಗಿಟ್ಟೆ. ಕೈ ತೊಳೆದುಕೊಂಡೆ. ಸತ್ತ ಸುದ್ದಿ ಬಂದ ದಿನದಿಂದ ನನ್ನ ತಲೆಯೊಳಗೆ ಹತ್ತಿ ತುಂಬಿದಂತಿತ್ತು. ಆ ಹತ್ತಿಯ ನಡುವೆ ಒಂದು ಗೆರೆ ಈಗ ನೇರವಾಗಿ ಕಾಣುತ್ತಿತ್ತು. ಎಪ್ಪೊ ಅಜಾಗರೂಕನಲ್ಲ. ಅದನ್ನು ಗುರುವಾರದೊಳಗೆ ನಾನು ಸಾಬೀತು ಮಾಡುತ್ತೇನೆ. ಮಾಡಬಲ್ಲೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ಬಾಗಿಲ ಗಂಟೆ ಸದ್ದು ಮಾಡಿತು.

*

ವುಬ್ಬೊ ಬಾವಿಯ ಮ್ಯಾನೇಜರ್. ಭಾರೀ ಆಳು, ಮೆತ್ತನೆಯ ದನಿ. ಕೈಯಲ್ಲಿ ಬೇಕರಿಯ ಸೋಂಪಿನ ಕೇಕು. ಒಳಗೆ ಬಂದವನೇ ಕನ್ನಡಕ ತೆಗೆದು ಒರೆಸತೊಡಗಿದ.

“ನೀವು ಹೇಗಿದ್ದೀರಿ ಅಂತ ಕೇಳಲ್ಲ ಮೇಡಂ. ಕೇಳೋ ಮುಖ ನನಗಿಲ್ಲ.”

“ಕೂತ್ಕೊಳ್ಳಿ.”

“ಗುರುವಾರ ಸಭೆ. ಮುಂದಿನ ಸಾಲಿನಲ್ಲಿ ನಿಮಗೊಂದು ಕುರ್ಚಿ ಇಡಿಸಿದ್ದೀನಿ.”

“ಎಪ್ಪೊಗೂ ಇಡಿಸಿದ್ರಿ.”

“ಅದೇ ಕುರ್ಚಿ.” ಕನ್ನಡಕ ಹಾಕಿಕೊಂಡ. “ನೀವು ಬಂದು ಒಂದೇ ಮಾತು ಹೇಳಿದರೆ ಸಾಕು. ಎಪ್ಪೊಗೆ ಈ ಬಾವಿ ಮೇಲೆ ನಂಬಿಕೆ ಇತ್ತು ಅಂತ. ಸುಳ್ಳೇನಲ್ಲವಲ್ಲ?”

“ಸುಳ್ಳಲ್ಲ. ನನಗೂ ಇದೆ.”

ಅವನಿಗೆ ಅದು ಅನಿರೀಕ್ಷಿತ.

“ಈ ಊರಿನ ಒಲೆಗಳು ನಾಳೆ ಬೆಳಿಗ್ಗೆ ಕರೆಂಟಿಗೆ ಬದಲಾಗಲ್ಲ,” ಎಂದೆ. “ಇನ್ನೂ ಎಷ್ಟೋ ಚಳಿಗಾಲ ಗ್ಯಾಸ್ ಬೇಕು. ಸಮುದ್ರದಾಚೆಯಿಂದ ಹಡಗಲ್ಲಿ ತರಿಸೋ ಬದಲು ನಮ್ಮ ಕಾಲಡಿಯದನ್ನ ಸ್ವಲ್ಪ ಸ್ವಲ್ಪವಾಗಿ, ನೆಲ ನೋಡ್ಕೊಂಡು ತೆಗೆದರೆ ತಪ್ಪಿಲ್ಲ ಅಂತಿದ್ದ ಎಪ್ಪೊ. ಹಿಂದೆ ತಪ್ಪಾಗಿದ್ದು ಗ್ಯಾಸಿನಿಂದಲ್ಲ, ಅವಸರದಿಂದ ಅಂತಿದ್ದ.”

“ಚೆನ್ನಾಗಿ ಹೇಳ್ತಿದ್ದ. ಇದನ್ನೇ ಹೇಳಿ, ಸಾಕು.”

“ಹೇಳ್ತೀನಿ. ಅದಕ್ಕೆ ಮೊದಲು ಇದೇನು ಅಂತ ನೀವು ಹೇಳಿ.”

ಕೆಟಲನ್ನು ತಂದು ಮೇಜಿನ ಮೇಲೆ ಬೋರಲಿಟ್ಟೆ. ತಳದ ಅರ್ಧ ಬಿಳಿ, ಅರ್ಧ ಕಪ್ಪು.

“ಮಸಿ ಹಿಡಿದ ಕೆಟಲ್. ನಮ್ಮಮ್ಮನ ಹತ್ತಿರಾನೂ ಒಂದಿತ್ತು.”

“ನಿಮ್ಮಮ್ಮ ಕಾಯಿಸ್ತಿದ್ದಿದ್ದು ಯಾವ ಒಲೆ ಮೇಲೆ?”

“ಕಲ್ಲಿದ್ದಲು.”

“ಇದು ಗ್ಯಾಸ್ ಒಲೆ ಮೇಲೆ ಕಾದಿದ್ದು. ನಿಮ್ಮ ಶೆಡ್ಡಿನ ಹಿಂದೆ.”

ವುಬ್ಬೊ ಕೆಟಲನ್ನು ಮುಟ್ಟಲಿಲ್ಲ. ಕೇಕಿನ ದಾರ ಬಿಚ್ಚುತ್ತ, “ಕಿಂಡಿ ಮುಚ್ಚಿತ್ತಲ್ಲ ಮೇಡಂ. ಗಾಳಿ ಇರಲಿಲ್ಲ,” ಎಂದ.

“ಒಲೆ ಹೊರಗಿತ್ತು.”

“ಹಳೇ ಕೆಟಲ್ ಇರಬೇಕು. ಎಷ್ಟು ವರ್ಷದ ಮಸಿಯೋ.”

“ಫೆನ್ನಾ ಚಿಕ್ಕಮ್ಮನ ಅಡುಗೆಮನೇಲಿ ಮಸಿ ಇತ್ತು ಅಂತ ಅವರ ಎದುರಿಗೆ ಹೇಳಿ ನೋಡಿ. ನಾನೂ ಬರ್ತೀನಿ ತಮಾಷೆ ನೋಡೋಕೆ.”

ಅವನ ತುಟಿಯಂಚು ಅಲುಗಿತು. ಫೆನ್ನಾಳ ಬಾಯಿ ಊರಿಗೆಲ್ಲ ಗೊತ್ತು.

“ಶೆಡ್ಡಲ್ಲಿ ವಿಷಾನಿಲದ ಅಲಾರ್ಮ್ ಇತ್ತಲ್ಲ, ಅದೆಲ್ಲಿ?”

“ರಿಪೇರಿಗೆ ಕಳಿಸಿದೆ. ಸುಮ್ಮಸುಮ್ಮನೆ ಕಿರುಚ್ತಿತ್ತು.”

“ಸುಮ್ಮಸುಮ್ಮನೆ?”

ದಾರ ಬಿಚ್ಚುತ್ತಿದ್ದ ಬೆರಳು ನಿಂತಿತು. ಹೊರಗೆ ತೊಲೆಗೆ ಗಾಳಿ ಬಡಿದು ಕಿಟಕಿ ಸಣ್ಣಗೆ ನಡುಗಿತು.

“ಬಾವಿಯಲ್ಲಿ ಎಷ್ಟು ಒತ್ತಡ ಇದೆ, ಎಷ್ಟು ದಿನ ನಿಲ್ಲುತ್ತೆ ಅಂತ ಪರವಾನಗಿಗೆ ಮೊದಲೇ ಯಾರಿಗೋ ತಿಳ್ಕೊಬೇಕಿತ್ತು,” ಎಂದೆ. “ಪರೀಕ್ಷೆಗೆ ತೆಗೆದ ಗ್ಯಾಸನ್ನ ಉರಿಸಿ ಬಿಡಬೇಕು. ಈ ಬಯಲಿನಲ್ಲಿ ಜ್ವಾಲೆ ಎದ್ದರೆ ಮೂರು ಊರಿನ ಚರ್ಚಿನ ಗೋಪುರಕ್ಕೆ ಕಾಣುತ್ತೆ. ಅದಕ್ಕೇ ಬಾಲದ ಕಡೆಯಿಂದ ಊರಿನ ಕೊಳವೆಗೇ ನೂಕಿದರು. ಊರು ಮುಟ್ಟೋ ಹೊತ್ತಿಗೆ ಬೆರೆತುಹೋಗುತ್ತೆ, ಯಾರಿಗೂ ಗೊತ್ತಾಗಲ್ಲ. ಗೊತ್ತಾಗೋದು ಕೊಳವೆಯ ಬಾಲದಲ್ಲಿ ಇರೋರಿಗೆ ಮಾತ್ರ. ಎಪ್ಪೊ ಬಾಲದಲ್ಲಿ ಕೂತಿದ್ದ.”

ವುಬ್ಬೊ ಕೇಕಿನ ದಾರವನ್ನು ಬೆರಳಿಗೆ ಸುತ್ತತೊಡಗಿದ. ಮಾತಾಡಿದಾಗ ದನಿ ಮೊದಲಿಗಿಂತ ಮೆತ್ತಗಿತ್ತು.

“ಬಾವಿ ತೆರೆದಿತ್ತು ಅಂತಾನೇ ಇಟ್ಕೊಳ್ಳೋಣ. ತೆರೆದವರು ಯಾರು ಮೇಡಂ?”

ನಾನು ಕೆಟಲನ್ನು ನನ್ನ ಕಡೆಗೆ ಎಳೆದುಕೊಂಡೆ.

“ನಿಯಂತ್ರಣ ಇಲಾಖೆಯ ನಿಯಮ ನಿಮಗೂ ಗೊತ್ತು. ವಾಲ್ವಿಗೆ ಒಂದೇ ಕೀಲಿ. ಅದು ಮ್ಯಾನೇಜರ್ ಹತ್ತಿರ ಇರಬಾರದು, ಅಳತೆ ಮಾಡೋನ ಹತ್ತಿರ ಇರಬೇಕು. ಕೊರೆಸಿದ್ದು ನಾನು, ನನ್ನ ಬಾವಿಗೆ ನನ್ನ ಹತ್ತಿರವೇ ಕೀಲಿ ಇಲ್ಲ. ಎಷ್ಟು ಸಲ ಜಗಳ ಆಡಿದ್ದೀನಿ ಇದಕ್ಕೆ! ಆ ಕೀಲಿ ಯಾರ ಜೇಬಿನಲ್ಲಿ ಸಿಕ್ಕಿತು? ನಾನು ಹೇಳಲಾ, ನೀವೇ ಹೇಳ್ತೀರಾ?”

“ಎಪ್ಪೊನ ಜೇಬಿನಲ್ಲಿ.”

“ಇವತ್ತಿಗೆ ಊರು ಅವನನ್ನ ಅಜಾಗರೂಕ ಅಂತಿದೆ, ಅಷ್ಟೇ. ಪಾಪ ಅಂತಾನೂ ಅಂತಿದೆ. ಗುರುವಾರ ನೀವು ಈ ಕೆಟಲ್ ಹಿಡ್ಕೊಂಡು ಬಂದರೆ ಕಳ್ಳ ಅನ್ನುತ್ತೆ. ಕದ್ದು ಬಾವಿ ತೆರೆದು, ಅದೇ ಗ್ಯಾಸಿಗೆ ಸತ್ತ ಕಳ್ಳ.” ಎದ್ದು ನಿಂತ. “ಕೇಕು ತಿನ್ನಿ. ಮುಂದಿನ ಸಾಲಿನ ಕುರ್ಚಿ ಹಾಗೇ ಇರುತ್ತೆ.”

ಬಾಗಿಲು ಹಾಕಿಕೊಂಡು ಹೋದ. ಕೇಕಿನ ದಾರವನ್ನು ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಮೇಜಿನ ಮೇಲೆ ಇಟ್ಟಿದ್ದ.

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಕೀಲಿ ಒಂದೇ, ಅದು ಎಪ್ಪೊನ ಜೇಬಿನಲ್ಲಿತ್ತು. ನಾನು ತಿಕ್ಕಿ ಕಂಡುಹಿಡಿದದ್ದು ನನ್ನ ಗಂಡನ ಕತ್ತಿಗೇ ಸುತ್ತಿಕೊಂಡಿತ್ತು.

ಆದರೂ ಹೆದರಿಕೆಯಾಗಲಿಲ್ಲ. ಎಪ್ಪೊ ತೆರೆದಿಲ್ಲ. ಅದು ನನಗೆ ಗೊತ್ತಿತ್ತು. ತೋರಿಸುವುದು ಹೇಗೆ ಎನ್ನುವುದಷ್ಟೇ ಉಳಿದಿತ್ತು.

ಟಾಮ್ಮೊಗೆ ಫೋನ್ ಮಾಡಿದೆ. ಎಪ್ಪೊನ ಜೊತೆ ಕಾಲುವೆಯ ಮಂಜುಗಡ್ಡೆ ಮೇಲೆ ಜಾರುತ್ತ ಬೆಳೆದವನು. ಮತ್ತೆ ಯಾರಿಗೆ ಮಾಡಲಿ? ಎಲ್ಲ ಹೇಳಿದೆ.

“ಕೆಟಲನ್ನ ಯಾರಿಗೆ ತೋರಿಸಿದೆ?” ಎಂದ.

“ವುಬ್ಬೊಗೆ.”

ಫೋನಿನಲ್ಲಿ ಗಾಳಿಯ ಸದ್ದು ಕೇಳಿಸಿತು. ತಂತಿಯ ಮೇಲೆ ಸಿಳ್ಳೆ ಹಾಕುವಂಥ ಗಾಳಿ.

“ಆಲ್ಕೆ, ಅದನ್ನ ಮುಟ್ಟಬೇಡ. ಮನೇಲೇ ಇರು. ನಾನು ಪಟ್ಟಣದಲ್ಲಿ ಮೀಟಿಂಗಲ್ಲಿದ್ದೀನಿ. ಕಾರಲ್ಲಿ ಬಂದೆ. ಸಂಜೆಗೆ ನಾನೇ ಬಂದು ತಗೊಂಡು ಹೋಗ್ತೀನಿ.”

“ಫೆನ್ನಾ ಚಿಕ್ಕಮ್ಮನಿಗೆ ವಾಪಸ್ ಕೊಡಬೇಕು.”

“ಕೊಡೋಣ. ಎಲ್ಲ ಮುಗಿದ ಮೇಲೆ.”

ಫೋನಿಟ್ಟೆ. ಸಂಜೆಯವರೆಗೆ ಕೂರಬಹುದಿತ್ತು. ಆದರೆ ಕೆಟಲ್ ಬೆಳ್ಳಗಿದ್ದಾಗ ಕೊಟ್ಟದ್ದೆಂದು ಹೇಳಬಲ್ಲವಳು ಫೆನ್ನಾ ಒಬ್ಬಳೇ. ಅವಳ ಬಾಯಿಂದ ಅದನ್ನು ಕೇಳಬೇಕಿತ್ತು. ಕೆಟಲಿನೊಳಗೆ ಒಂದು ಪೊಟ್ಟಣ ಚಹಾಪುಡಿ ಹಾಕಿದೆ. ಖಾಲಿ ಕೊಡುವಂತಿಲ್ಲ. ತಳವನ್ನು ಬೆಳಗಲಿಲ್ಲ. ಬಟ್ಟೆಯ ಚೀಲಕ್ಕಿಳಿಸಿ ಹೊರಟೆ.

*

ದಾರಿಯ ಎರಡೂ ಬದಿ ಬೀಟ್ ಕಿತ್ತ ಹೊಲ, ಬರೀ ಕಪ್ಪು ಮಣ್ಣು. ಫೆನ್ನಾ ಚಿಕ್ಕಮ್ಮನ ಕಿಟಕಿಗಳೆಲ್ಲ ಮುಚ್ಚಿ, ಗಾಜಿಗೆ ಹಬೆ ಹಿಡಿದಿತ್ತು.

“ಬಂದೆಯಾ ಹುಡುಗಿ? ಒಂದು ಕೆಟಲ್ ತರೋಕೆ ಎಷ್ಟು ದಿನ ಕಣೇ ನಿನಗೆ?”

“ಶನಿವಾರ ತಾನೇ ಮಣ್ಣು ಮಾಡಿದ್ದು ಚಿಕ್ಕಮ್ಮ.”

“ಗೊತ್ತು ಕಣೇ. ತಮಾಷೆ ಮಾಡದೇ ಇದ್ದರೆ ಅತ್ತುಬಿಡ್ತೀನಿ. ನಾನು ಅತ್ತರೆ ನೋಡೋಕೆ ಚೆನ್ನಾಗಿರಲ್ಲ.” ಕುರ್ಚಿಯಲ್ಲಿ ಕೂತೇ ಮಾತಾಡುತ್ತಿದ್ದಳು. ಫೆನ್ನಾ ಕೂತಿರುವುದನ್ನು ನಾನು ಕಂಡದ್ದು ಕಡಿಮೆ. “ಏಳೋಕಾಗ್ತಿಲ್ಲ ನೋಡು. ಬೆಳಿಗ್ಗೆಯಿಂದ ತಲೆಯೊಳಗೆ ಯಾರೋ ಮರ ಕೊಯ್ದ ಹಾಗಿದೆ. ಕಾಫಿ ನೀನೇ ಮಾಡ್ಕೊ. ನಿಮ್ಮಮ್ಮ ಮನೆಗೆಲಸ ಕಲಿಸಿದ್ದರೆ.”

“ಜ್ವರಾನಾ?”

“ಸಾರಿನ ಮುಂದೆ ನಿಂತು ನಿಂತು ಹೀಗಾಯ್ತು. ಒಲೆಗೆ ಇವತ್ತು ಸಿಟ್ಟು ಬಂದ ಹಾಗಿದೆ. ಬರ್ನರ್ ಎರಡು ಸಲ ತೊಳೆದೆ, ಬಗ್ಗಲಿಲ್ಲ.”

ಒಲೆಯತ್ತ ತಿರುಗಿದೆ.

ಬಟಾಣಿ ಸಾರಿನ ದೊಡ್ಡ ಪಾತ್ರೆ ಕುದಿಯುತ್ತಿತ್ತು. ಅದರ ಅಡಿಯಲ್ಲಿ ಜ್ವಾಲೆಗಳು ಉದ್ದಕ್ಕೆ, ಸೋಮಾರಿಯಾಗಿ, ಪಾತ್ರೆಯ ಮೈ ನೆಕ್ಕುತ್ತ ಏಳುತ್ತಿದ್ದವು.

ಹಳದಿ.

ನಾನು ಒಲೆ ಆರಿಸಿದೆ. ಎರಡೂ ಕಿಟಕಿ ತೆರೆದೆ, ಹಿಂಬಾಗಿಲು ತೆರೆದೆ. ಫೆನ್ನಾಳ ತೋಳು ಹಿಡಿದು ಎಬ್ಬಿಸಿದೆ.

“ಏ, ಏನೇ ಇದು! ಸಾರು!”

“ಸಾರು ಹಾಳಾಗಲಿ. ಹೊರಗೆ ಬನ್ನಿ.”

“ನನ್ನ ಮನೇಲಿ ನನ್ನನ್ನೇ ಹೊರಗೆ ಹಾಕ್ತೀಯಾ?” ಎಂದು ಬೈಯುತ್ತ ಬಂದಳು. ಹೊಸ್ತಿಲಾಚೆಯ ಕಲ್ಲುಬೆಂಚಿನ ಮೇಲೆ ಕೂರಿಸಿ ನನ್ನ ಕೋಟು ಹೊದಿಸಿದೆ. ಗಾಳಿ ಮುಖಕ್ಕೆ ಬಡಿಯಿತು. ಅವಳು ಮೀನಿನ ಹಾಗೆ ಬಾಯಿ ತೆರೆದು ಉಸಿರೆಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಕಣ್ಣು ನೆಟ್ಟಗಾದವು.

“ಚಿಕ್ಕಮ್ಮ, ಒಲೆ ಹೀಗಾಗಿದ್ದು ಇವತ್ತೇನಾ?”

“ಇವತ್ತು ಬೆಳಿಗ್ಗೆಯಿಂದ. ನಿನ್ನೆ ನೆಟ್ಟಗಿತ್ತು.”

“ಮೊದಲು ಯಾವತ್ತಾದರೂ?”

“ಒಂದು ಸಲ. ಎಪ್ಪೊ ಸಾಯೋ ಹಿಂದಿನ ದಿನ.” ಅವಳ ದನಿ ಇಳಿಯಿತು. “ಅವತ್ತು ಅವನು ಈ ದಾರೀಲಿ ಹೋಗ್ತಿದ್ದ. ಕರೆದು ತೋರಿಸಿದೆ. ಬಗ್ಗಿ ನೋಡಿದ. ನಗ್ತಾ ಇದ್ದೋನು ನಗು ನಿಲ್ಲಿಸಿದ. ‘ನಾನು ನೋಡ್ಕೊಳ್ತೀನಿ ಚಿಕ್ಕಮ್ಮ, ಕಿಟಕಿ ತೆಗೆದಿಡಿ’ ಅಂದ. ಸಂಜೆಗೆ ಸರಿಹೋಯ್ತು. ನಾನೂ ಮರೆತೆ.”

ಎಪ್ಪೊಗೆ ಗೊತ್ತಾಗಿತ್ತು. ನೋಡಿಕೊಳ್ಳುತ್ತೇನೆ ಎಂದವನು ನೋಡಲು ಹೋಗಿದ್ದ. ಮರುದಿನ ಕಿಂಡಿಯಲ್ಲಿ ಮಫ್ಲರ್ ಇತ್ತು.

ಚೀಲದಿಂದ ಕೆಟಲ್ ತೆಗೆದು ತಳ ತೋರಿಸಿದೆ.

“ಅಯ್ಯೋ ನನ್ನ ಕರ್ಮವೇ! ಇದು ನನ್ನದಾ?”

“ಕೊಟ್ಟಾಗ ಹೇಗಿತ್ತು?”

“ಹೇಗಿತ್ತಾ? ತಳದಲ್ಲಿ ಮುಖ ನೋಡ್ಕೊಂಡು ಕ್ರಾಪು ತೀಡ್ಕೊಂಡ ನಿನ್ನ ಗಂಡ! ಬೇಕಿದ್ದರೆ ಪಾದ್ರಿ ಎದುರಿಗೆ ಹೇಳ್ತೀನಿ.”

“ಪಾದ್ರಿ ಬೇಡ. ಗುರುವಾರದ ಸಭೇಲಿ ಹೇಳಿ.”

“ಹೇಳ್ತೀನಿ. ಯಾರು ಬೇಡ ಅಂತಾರೋ ನೋಡೋಣ.”

ನನ್ನೊಳಗೆ ಏನೋ ತನ್ನಷ್ಟಕ್ಕೆ ಜಾಗಕ್ಕೆ ಬಂದು ಕೂತಿತು. ಮನೆಯಲ್ಲಿ ಹುಡುಕಿ ಸಿಗದಿದ್ದ ಉತ್ತರ ಇಲ್ಲಿ ಒಲೆಯ ಮೇಲೆ ಉರಿಯುತ್ತಿತ್ತು. ಈ ಬೆಳಿಗ್ಗೆ ಜ್ವಾಲೆ ಹಳದಿ ಎಂದರೆ ಬಾವಿ ಈ ಬೆಳಿಗ್ಗೆ ತೆರೆದಿದೆ. ಎಪ್ಪೊ ಚರ್ಚಿನ ಹಿಂದೆ ಮಣ್ಣಿನಡಿ ಮಲಗಿದ್ದಾನೆ. ಅವನು ತೆರೆಯಲಿಲ್ಲ. ಇವತ್ತು ತೆರೆದವರೇ ಅವತ್ತೂ ತೆರೆದವರು. ನನ್ನ ಗಂಡ ಅಜಾಗರೂಕನೂ ಅಲ್ಲ, ಕಳ್ಳನೂ ಅಲ್ಲ.

ಇದನ್ನು ಟಾಮ್ಮೊಗೆ ಹೇಳಬೇಕು ಎಂದು ಫೋನ್ ತೆಗೆದೆ.

ಬೆರಳು ಅವನ ಹೆಸರಿನ ಮೇಲೆ ನಿಂತಿತು.

ಕೀಲಿ ಒಂದೇ. ಅದು ಠಾಣೆಯ ಬೀರುವಿನಲ್ಲಿದೆ. ಬೀರುವಿನ ಕೀಲಿ ಒಬ್ಬನ ಸೊಂಟದಲ್ಲಿದೆ. ಎಪ್ಪೊ ಬದುಕಿದ್ದಾಗ ಆ ಕೀಲಿಯನ್ನು ನಂಬಿ ಯಾರ ಕೈಗಾದರೂ ಕೊಟ್ಟಿದ್ದರೆ, ಅದೂ ಅವನಿಗೇ.

ತಲೆಯೆತ್ತಿ ನೋಡಿದೆ. ಫೆನ್ನಾಳ ಹಿತ್ತಲಿನಿಂದ ಬಾವಿಯವರೆಗೆ ಒಂದು ಮರವೂ ಇಲ್ಲ. ಕಪ್ಪು ಹೊಲದ ಆಚೆ ತಂತಿಬೇಲಿ, ಶೆಡ್ಡಿನ ತಗಡು, ವಾಲ್ವಿನ ಕೆಂಪು ಚಕ್ರ. ಬೇಲಿಗೆ ಒರಗಿಸಿದ ಒಂದು ಸೈಕಲ್.

ಅದರ ಹಿಂದಿನ ಪುಟ್ಟ ಸೀಟು ಅಷ್ಟು ದೂರಕ್ಕೂ ಹಳದಿಯಾಗಿ ಕಾಣುತ್ತಿತ್ತು.

“ಟಾಮ್ಮೊ ಅಲ್ವೇನೇ ಅದು?” ಫೆನ್ನಾ ಹಣೆಗೆ ಕೈ ಮರೆ ಮಾಡಿ ನೋಡಿದಳು. “ಬೆಳಿಗ್ಗೆಯಿಂದ ಅಲ್ಲೇ ಸುತ್ತುತ್ತಿದ್ದಾನೆ, ಕಾವಲಿಗೋ ಏನೋ. ಕರೀಲಾ? ಸಾರಾದರೂ ಕುಡಿದು ಹೋಗಲಿ.”

ಶೆಡ್ಡಿನ ಹಿಂದಿನಿಂದ ಒಬ್ಬ ಮನುಷ್ಯ ಹೊರಬಂದ. ನಮ್ಮ ಕಡೆ ನೋಡಿದ. ತೆರೆದ ಕಿಟಕಿಗಳು, ಹೊರಗೆ ಕೂತ ಇಬ್ಬರು ಹೆಂಗಸರು, ಬಿಳಿ ಕೆಟಲ್, ಎಲ್ಲವೂ ಅವನಿಗೆ ಕಂಡಿರಬೇಕು. ಈ ನೆಲ ಯಾರನ್ನೂ ಮರೆಮಾಡುವುದಿಲ್ಲ, ನಮ್ಮನ್ನೂ.

ಅವನು ಸೈಕಲ್ ಹತ್ತಿದ. ಗಾಳಿ ಅವನ ಎದುರಿಗಿತ್ತು. ಆದರೂ ನಮ್ಮ ಕಡೆಗೇ ತುಳಿಯತೊಡಗಿದ.

ನಾನು ಫೋನನ್ನು ಜೇಬಿಗೆ ಹಾಕಿದೆ. ಕೆಟಲನ್ನು ಎರಡೂ ಕೈಗಳಲ್ಲಿ ಹಿಡಿದು, ರೂಢಿಯಂತೆ, ಫೆನ್ನಾ ಚಿಕ್ಕಮ್ಮನ ಮಡಿಲಿಗಿಟ್ಟೆ.

“ಎಪ್ಪೊ ಎರವಲು ತಂದಿದ್ದು. ತಗೊಳ್ಳಿ. ಒಳಗೆ ಚಹಾ ಇದೆ.”

“ತಿಕ್ಕಿಲ್ಲವಲ್ಲೇ ಹುಡುಗಿ.”

“ತಿಕ್ಕಬೇಡಿ. ಯಾರಿಗೂ ಕೊಡಬೇಡಿ. ಟಾಮ್ಮೊ ಕೇಳಿದರೂ.”